ಒಬ್ಬ ಸಾಹೇಬರು, ನಾಲ್ಕು ಊರು

ಮನೆಯೆಂದ ಮೇಲೆ ಅದರಲ್ಲಿ ನಾವು ಮಾತ್ರ ಇದ್ದೇವೆಂದು ತಿಳಿಯುವುದು ದೊಡ್ಡ ಭ್ರಮೆ. ಬಾಡಿಗೆ ಕೊಡದೆ, ಹೇಳದೆ ಕೇಳದೆ ಬಂದು ಸಂಸಾರ ಹೂಡಿದವರು ಎಷ್ಟೋ ಇದ್ದಾರೆ. ಸಿಂಕಿನ ಕೆಳಗೆ ಜಿರಲೆ, ಅಕ್ಕಿ ಡಬ್ಬದಲ್ಲಿ ಹುಳು, ಸಕ್ಕರೆಗೆ ಇರುವೆ, ಮಂಚದ ಸಂದಿಗೆ ತಿಗಣೆ, ರೇಷ್ಮೆ ಸೀರೆಯ ಮಡಿಕೆಗೆ ನುಸಿ, ಬಾಗಿಲ ಚೌಕಟ್ಟಿಗೆ ಗೆದ್ದಲು. ಇವರಲ್ಲಿ ಉಳಿದವರೆಲ್ಲ ಕಣ್ಣಿಗೆ ಬಿದ್ದು ಪೊರಕೆಯ ಏಟು ತಿನ್ನುತ್ತಾರೆ. ಗೆದ್ದಲು ಮಾತ್ರ ಮಹಾ ಗುಟ್ಟಿನ ಜೀವ. ಮೇಲೆ ಬಣ್ಣ ಹಾಗೇ ಇರುತ್ತದೆ, ಒಳಗೆ ಮರ ಇರುವುದಿಲ್ಲ. ಒಂದು ದಿನ ಬಾಗಿಲ ಮೇಲೆ ಕೈಯಿಟ್ಟರೆ ಹಪ್ಪಳ ಮುರಿದ ಹಾಗೆ ಒಳಕ್ಕೆ ಹೋಗುತ್ತದೆ. ಆಗ ಮನೆಯ ಯಜಮಾನರು ಹೆಂಡತಿಯ ಕಡೆ ತಿರುಗಿ, "ನೀನು ದಿನಾ ಮನೆಯಲ್ಲೇ ಇರ್ತೀಯ, ನೋಡಬಾರದಾ?" ಎನ್ನುತ್ತಾರೆ. ಚೌಕಟ್ಟಿನ ಒಳಗೆ ಕಣ್ಣಿಡುವ ವಿದ್ಯೆಯೊಂದನ್ನು ನಮ್ಮ ತವರಿನವರು ಹೇಳಿಕೊಟ್ಟಿರಲಿಲ್ಲ, ನೋಡಿ.

ನಮ್ಮಮ್ಮನ ಕಾಲದಲ್ಲಿ ಈ ಹುಳುಗಳ ಖಾತೆಯನ್ನು ಅಮ್ಮನೇ ನೋಡಿಕೊಳ್ಳುತ್ತಿದ್ದಳು. ರಾಗಿಗೆ ಒಣಗಿದ ಬೇವಿನೆಲೆ, ಅವರೆಬೇಳೆಗೆ ಹರಳೆಣ್ಣೆಯ ಸವರು, ಹೆಸರುಕಾಳಿಗೆ ಬೂದಿ, ಸೀರೆಗಳ ನಡುವೆ ನುಸಿಗುಳಿಗೆ. ಅಕ್ಕಿಯನ್ನು ಬಿಸಿಲಿಗೆ ಹರಡಿದರೆ ಅದರ ಮುಂದೆ ಮೊರ ಹಿಡಿದು ಕೂರುವುದೂ ಅವಳೇ. ಗ್ಯಾಮಾಕ್ಸಿನ್ ಪುಡಿಯೆಂದು ಒಂದು ಬಿಳಿ ಪುಡಿ ಬರುತ್ತಿತ್ತು. ಅದರ ಪೊಟ್ಟಣವನ್ನು ಮಾತ್ರ ಅಮ್ಮ ಹಿತ್ತಲಿನ ಹಂಚಿನ ಸೂರಿನಲ್ಲಿ ನಮ್ಮ ಕೈಗೆಟುಕದ ಹಾಗೆ ಸಿಕ್ಕಿಸಿಡುತ್ತಿದ್ದಳು. ಅದನ್ನು ಹಾಕುವ ದಿನ ನಮ್ಮನ್ನೆಲ್ಲ ಪಕ್ಕದ ಮನೆಗೆ ಅಟ್ಟಿ, ತಾನೇ ಸೆರಗನ್ನು ಮೂಗಿಗೆ ಕಟ್ಟಿ ಹಾಕುವಳು. ಆ ಪುಡಿ ಎಷ್ಟು ಕೆಟ್ಟದ್ದೆಂದು ಅಮ್ಮ ಯಾವ ಪುಸ್ತಕದಲ್ಲೂ ಓದಿದವಳಲ್ಲ. ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಿದ್ದೇ 1997ರಲ್ಲಿ. ಆದರೆ ವಿಷ ಕೈಯಲ್ಲಿದ್ದಾಗ ದೊಡ್ಡವರೊಬ್ಬರು ಎದುರಿಗಿರಬೇಕೆಂಬ ಸಾಮಾನ್ಯ ಜ್ಞಾನ ಅವಳಿಗಿತ್ತು.

ಮಲೇರಿಯಾದವರು ಡಿ.ಡಿ.ಟಿ. ಹೊಡೆಯಲು ಬರುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿರಬೇಕು. ಮಲೇರಿಯಾ ನಿರ್ಮೂಲನ ಕಾರ್ಯಕ್ರಮ ಶುರುವಾದದ್ದು 1958ರಲ್ಲಿ. ಅಮೇಲಿನ ವರ್ಷಗಳಲ್ಲಿ ಬೆಳೆದ ನಮಗೆ ಆ ಪಂಪಿನ ಸದ್ದು ಕೇಳಿದರೆ ಹಬ್ಬ. ಪಾತ್ರೆ ಪರಡಿ, ಹಿಟ್ಟಿನ ಡಬ್ಬ, ದೇವರ ಪಟ ಎಲ್ಲ ಅಂಗಳಕ್ಕೆ. ಹೊಡೆಯುವವರು ಹೊಡೆದು ಹೋದ ಮೇಲೆ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆಯುತ್ತಿದ್ದರು. ಒಂದೆರಡು ದಿನ ಬಿಟ್ಟು ಖಾಕಿ ಚೀಲದ ಇನ್ಸ್‌ಪೆಕ್ಟರ್ ಬಂದು, ಆ ಬರಹ ನೋಡಿ, ಒಳಗೆ ಬಂದು ಗೋಡೆಯನ್ನೂ ಮುಟ್ಟಿ ನೋಡಿ, "ಅಡಿಗೆ ಮನೆಗೆ ಹೊಡೆದರೇನಮ್ಮಾ? ಸಾಮಾನು ಹೊರಗಿಟ್ಟಿದ್ದಿರಾ?" ಎಂದು ಕೇಳುತ್ತಿದ್ದರು. ನಮಗೆ ಆಗ ಆತನ ಸೈಕಲ್ಲಿನ ಮೇಲಿದ್ದ ಮೋಹ ಆತನ ಕೆಲಸದ ಮೇಲೆ ಇರಲಿಲ್ಲ. ಈಗ ಯೋಚಿಸಿದರೆ, ಕೆಲಸ ಮಾಡುವವನೊಬ್ಬ, ಅದಕ್ಕೆ ಹೊಣೆಯಾದವನೊಬ್ಬ, ಇಬ್ಬರೂ ಅದೇ ಹೊಸ್ತಿಲು ದಾಟಿ ಬರುತ್ತಿದ್ದರು ಎನ್ನುವುದು ಸಣ್ಣ ಮಾತಲ್ಲ.

ಈಗ ಆ ಖಾತೆ ಅಮ್ಮಂದಿರ ಕೈಬಿಟ್ಟು ಪೆಸ್ಟ್ ಕಂಟ್ರೋಲಿನವರ ಕೈಗೆ ಹೋಗಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಕಛೇರಿಗಳು ಬಂದವು, ಬಡಾವಣೆಗಳೆದ್ದವು, ಮಹಡಿ ಮನೆಗಳಾದವು. ಅವುಗಳ ಬೆನ್ನಿಗೇ ಲೈಟು ಕಂಬದ ಮೇಲೆ "ಜಿರಲೆ, ತಿಗಣೆ, ಗೆದ್ದಲಿಗೆ ಒಂದೇ ಕರೆ" ಎಂಬ ಚೀಟಿಗಳೂ ಬಂದವು. ಚೀಟಿಯಲ್ಲಿ ಊರುಗಳ ಪಟ್ಟಿ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಸಾಹೇಬರು ಮಾತ್ರ ಒಬ್ಬರೇ. ಈ ನಾಲ್ಕು ಊರುಗಳಲ್ಲೂ ನನಗೆ ನೆಂಟರಿದ್ದಾರೆ. ಒಂದೇ ದಿನ ನಾಲ್ಕು ಕಡೆಯೂ ನಾಮಕರಣವಿಟ್ಟುಕೊಂಡರೆ ನಾನು ಎಲ್ಲಿಗೆ ಹೋಗಲಿ? ಎರಡು ಕಡೆ ಹೋಗಿ, ಉಳಿದೆರಡು ಕಡೆಗೆ ಮುಯ್ಯಿ ಕಳಿಸುತ್ತೇನೆ. ಸಾಹೇಬರು ಮಾಡುವುದೂ ಅದನ್ನೇ. ವಿಷದ ಡ್ರಮ್ಮು ಕಳಿಸುತ್ತಾರೆ, ತಾವು ಬರುವುದಿಲ್ಲ.

ಮುಯ್ಯಿ ಕಳಿಸಿದರೆ ನಾಮಕರಣ ನಿಲ್ಲುವುದಿಲ್ಲ. ವಿಷ ಕಳಿಸಿದರೆ ಏನಾಗುತ್ತದೆ ಎಂಬುದನ್ನು ಚಿಂತಾಮಣಿಯ ನನ್ನ ನಾದಿನಿ ಕಂಡಳು.

2019ರ ಬೇಸಿಗೆ. ಅವಳ ಮನೆಯ ದೇವರಕೋಣೆಯ ಬಾಗಿಲಿಗೆ ಗೆದ್ದಲು ಹಿಡಿದಿತ್ತು. ಒಂದು ಕಂಪೆನಿಯವರಿಗೆ ಮುಂಗಡ ಕೊಟ್ಟಿದ್ದಾಯಿತು. ಹೇಳಿದ ದಿನ ಟೆಂಪೋದಲ್ಲಿ ಬಂದವನು ಒಬ್ಬ ಹುಡುಗ. ಹತ್ತೊಂಬತ್ತು ಇಪ್ಪತ್ತಿರಬೇಕು, ಮೀಸೆ ಈಗಷ್ಟೇ ಕಪ್ಪಾಗುತ್ತಿತ್ತು. ಜೊತೆಗೆ ಒಂದು ಡ್ರಿಲ್ಲಿಂಗ್ ಮಷೀನು, ಒಂದು ಪಂಪು, ಒಂದು ಪ್ಲಾಸ್ಟಿಕ್ ಕ್ಯಾನು. ನಾದಿನಿ "ನಿಮ್ಮ ಸಾಹೇಬರು ಬರೋದಿಲ್ವೇನಪ್ಪಾ?" ಎಂದಳಂತೆ. "ಸಾರ್ ಗೌರಿಬಿದನೂರಲ್ಲವ್ರೆ ಅಕ್ಕಾ, ಅಲ್ಲಿ ಮುಗಿಸ್ಕೊಂಡು ಬತ್ತಾರೆ" ಎಂದ. ನೆಲ, ಗೋಡೆ ಸೇರುವ ಕಡೆ ಒಂದೊಂದು ಅಡಿಗೆ ಒಂದೊಂದು ತೂತು ಕೊರೆದು ಅದರೊಳಕ್ಕೆ ಔಷಧಿ ತುಂಬುವುದು ಕೆಲಸ. ಔಷಧಿಗೆ ನೀರು ಬೆರೆಸಬೇಕು. ಹುಡುಗ ಕ್ಯಾನಿನಿಂದ ಅಂದಾಜಿನ ಮೇಲೆ ಬಕೆಟ್ಟಿಗೆ ಸುರಿದ, ನೀರು ಹಾಕಿದ, ತೋಳು ಮೇಲಕ್ಕೇರಿಸಿ ಬರಿಗೈಯಲ್ಲೇ ಕಲಸಿದ. ಎಣ್ಣೆಯ ಹಾಗಿದ್ದದ್ದು ನೀರು ತಾಗಿದೊಡನೆ ಹಾಲಿನ ಹಾಗೆ ಬೆಳ್ಳಗಾಯಿತು. ನಾದಿನಿಯ ಮೂರು ವರ್ಷದ ಮೊಮ್ಮಗಳು ಬಾಗಿಲಲ್ಲಿ ನಿಂತು, "ಅಜ್ಜೀ, ಹಾಲು" ಎಂದಳು.

ಆ ಒಂದು ಮಾತಿಗೆ ನಾದಿನಿಯ ಎದೆ ಝಲ್ಲೆಂದಿತಂತೆ. ಮಗುವನ್ನು ಎತ್ತಿಕೊಂಡು ಹೋಗಿ ಎದುರುಮನೆಯಲ್ಲಿ ಬಿಟ್ಟು ಬಂದಳು. ಬಂದು, ಹುಡುಗನಿಗೆ "ಕೈಗೆ ಏನಾದರೂ ಹಾಕ್ಕೋಬಾರದೇನಪ್ಪ?" ಎಂದರೆ, "ಗ್ಲೌಸು ಕೊಟ್ಟಿಲ್ಲಕ್ಕಾ" ಎಂದ. ಮೂಗಿಗೆ ಒಂದು ಕರ್ಚೀಫು ಕಟ್ಟಿದ್ದ, ಅದೂ ಒದ್ದೆಯಾಗಿತ್ತು. ಕಿಟಕಿ ಮುಚ್ಚಿದ ಸಣ್ಣ ದೇವರಕೋಣೆಯಲ್ಲಿ ಒಂದು ಗಂಟೆ ಬಗ್ಗಿಕೊಂಡು ಕೆಲಸ ಮಾಡಿ ಹೊರಗೆ ಬಂದವನು ಜಗಲಿಯ ಮೇಲೆ ಕೂತ. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು. ಒಂದು ಸಾರಿ ವಾಂತಿ, ಮತ್ತೊಂದು ಸಾರಿ ವಾಂತಿ. "ಕಣ್ಣು ಮಬ್ಬಾಗ್ತದಕ್ಕಾ" ಎಂದನಂತೆ. ಕೂಡಲೇ ಅವನ ಅಂಗಿ ಬಿಚ್ಚಿಸಿ, ಸೋಪು ಹಾಕಿ ಕೈಕಾಲು ತೊಳೆಸಿ, ಆಟೋ ಕರೆದು ಆಸ್ಪತ್ರೆಗೆ ಸಾಗಿಸಿದರು.

ಅಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಔಷಧಿ?" ಹೇಳುವವರು ಯಾರು? ಹುಡುಗನಿಗೆ ಗೊತ್ತಿದ್ದುದು "ಗೆದ್ದಲ ಔಷಧಿ" ಎಂದಷ್ಟೇ. ಕ್ಯಾನಿನ ಮೇಲೆ ಚೀಟಿಯಿಲ್ಲ. ಅದು ಅಡಿಗೆ ಎಣ್ಣೆಯ ಹಳೆಯ ಕ್ಯಾನು. ಸಾಹೇಬರಿಗೆ ಫೋನು ಮಾಡಿದರೆ ಮೂರು ಸಲ ಬರಿಯ ರಿಂಗು. ವಿಷಕ್ಕೆ ವಿಷವೇ ಬೇರೆ, ಅದರ ಮದ್ದೇ ಬೇರೆ. ಒಂದಕ್ಕೆ ಕೊಡುವುದನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಪುಣ್ಯಕ್ಕೆ ಆ ಡಾಕ್ಟರು ಹೊಲಕ್ಕೆ ಔಷಧಿ ಹೊಡೆದು ಬೀಳುವ ಎಷ್ಟೋ ರೈತರನ್ನು ನೋಡಿದ ಕೈ. ಟಾರ್ಚು ಬಿಟ್ಟು ನೋಡಿದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಜೊಲ್ಲು, ಬೆವರು, ಕುಗ್ಗಿದ ಪಾಪೆ, ಇಷ್ಟರಿಂದಲೇ ಜಾತಿ ಗುರುತಿಸಿ ಅಟ್ರೋಪಿನ್ ಇಂಜೆಕ್ಷನ್ ಶುರು ಮಾಡಿದರು. ಸಾಹೇಬರು ನಾಲ್ಕನೆಯ ಸಲ ಫೋನೆತ್ತಿ "ಕ್ಲೋರ್‌ಪೈರಿಫಾಸ್" ಎಂದಾಗ ಹುಡುಗನ ಬಾಯಿ ಆಗಲೇ ಒಣಗುತ್ತಾ ಬಂದಿತ್ತು. ಮೂರು ದಿನ ಆಸ್ಪತ್ರೆಯಲ್ಲಿದ್ದು ಬದುಕಿದ. ಊರಿಂದ ಬಂದ ಅವನ ತಾಯಿ ತೆಲುಗಿನಲ್ಲಿ ಅಳುತ್ತಾ ನಾದಿನಿಯ ಕೈ ಹಿಡಿದುಕೊಂಡು, ಸಾಹೇಬರ ಹೆಸರನ್ನು ಮಾತ್ರ ಎತ್ತಲಿಲ್ಲವಂತೆ. ಕೆಲಸ ಹೋದೀತೆಂಬ ಭಯ.

ಈ ಸಂಗತಿ ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಇದಕ್ಕೆಲ್ಲ ಒಂದು ಕಾನೂನು ಕಟ್ಟಳೆ ಇಲ್ಲವೇ ಎಂದು ವಿಚಾರಿಸಿದೆ. ಇದೆ. ಅದು ಹುಟ್ಟಿದ್ದೇ ಸಾವಿನಿಂದ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಗೋಧಿ ಹಿಟ್ಟಿಗೆ ಸೋಕಿ, ಅದನ್ನು ತಿಂದವರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅನ್ನವೂ ವಿಷವೂ ಒಟ್ಟಿಗೆ ಪ್ರಯಾಣ ಮಾಡಿದ ಫಲ. ಹತ್ತು ವರ್ಷದ ಮೇಲೆ, 1968ರಲ್ಲಿ, ಕೀಟನಾಶಕ ಕಾಯ್ದೆ ಬಂತು. 1971ರಲ್ಲಿ ಅದರ ನಿಯಮಗಳು ಬಂದವು. ಆ ನಿಯಮಗಳ ಪ್ರಕಾರ ಪೆಸ್ಟ್ ಕಂಟ್ರೋಲ್ ಕಸುಬಿಗೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಕೃಷಿಯಲ್ಲಿ ಪದವಿ, ಇಲ್ಲವೇ ರಸಾಯನಶಾಸ್ತ್ರವನ್ನು ಒಂದು ವಿಷಯವಾಗಿ ಓದಿದ ವಿಜ್ಞಾನ ಪದವಿ ಇರಬೇಕು. ಸಾಲದ್ದಕ್ಕೆ ಕಡೇ ಪಕ್ಷ ಹದಿನೈದು ದಿನದ ತರಬೇತಿಯ ಸರ್ಟಿಫಿಕೇಟು. ಆ ತರಬೇತಿ ಕೊಡುವ ಸಂಸ್ಥೆಗಳಲ್ಲಿ ಮೊದಲ ಹೆಸರು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ನದು. ಕೆಲಸಗಾರರಿಗೆ ರಕ್ಷಣೆಯ ಉಡುಪು, ಮೂಗಿಗೆ ಸರಿಯಾದ ಸಾಧನ, ವೈದ್ಯಕೀಯ ತಪಾಸಣೆ, ಕೆಲಸದ ಬಗ್ಗೆ ತಿಳಿವಳಿಕೆ, ಖಾಲಿ ಡಬ್ಬ ಹೂಳುವ ಕ್ರಮ, ಎಲ್ಲವೂ ಆ ನಿಯಮಗಳಲ್ಲಿವೆ.

ನೋಡಿ, ಬರೆದವರು ಎಷ್ಟು ಚೆನ್ನಾಗಿ ಬರೆದಿದ್ದಾರೆ! ಪದವಿ ಪಡೆದವರು ಸಾಹೇಬರು, ಮೈಸೂರಿನಲ್ಲಿ ಹದಿನೈದು ದಿನ ಕಲಿತವರೂ ಸಾಹೇಬರೇ. ಅವರ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಆಫೀಸಿನ ಗೋಡೆಯ ಮೇಲಿದೆ. ಬಕೆಟ್ಟಿನಲ್ಲಿ ಕೈಯಿಟ್ಟವನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗ. ಕಲಿತ ತಲೆ ಒಂದು ಊರಿನಲ್ಲಿ, ಕೆಲಸ ಮಾಡುವ ಕೈ ಇನ್ನೊಂದು ಊರಿನಲ್ಲಿ. ನಡುವೆ ಇರುವುದು ಒಂದು ಫೋನು, ಅದನ್ನೂ ಎತ್ತುವುದಿಲ್ಲ. ಸಂಗೀತ ಕಲಿತವರು ಮನೆಯಲ್ಲಿ ಕೂತು, ಹಾಡಲು ಡ್ರೈವರನ್ನು ಕಳಿಸಿದರೆ ನಾವು ಒಪ್ಪುತ್ತೇವೆಯೇ? ಕಚೇರಿ ಕೆಟ್ಟರೆ ಕಿವಿಗೆ ಮಾತ್ರ ನಷ್ಟ. ಇಲ್ಲಿ ಹಾಗಲ್ಲ.

ಸಾಹೇಬರು ಎದುರಿಗೆ ನಿಂತರೆ ಕೆಲಸ ಹೇಗಿರುತ್ತದೆ ಎಂಬುದಕ್ಕೆ ನನಗೆ ಗೌರಿಬಿದನೂರಿನ ಕಥೆ ಗೊತ್ತು. ನನ್ನ ತಂಗಿಯ ಗಂಡ ಧಾನ್ಯದ ಗೋದಾಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿ ಮೂಟೆಗಳಿಗೆ ಹುಳು ಹತ್ತಿದರೆ ಬಳಸುವುದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ನೋಡಲು ಪೆಪ್ಪರಮೆಂಟಿನ ಹಾಗೆ, ಒಂದೊಂದು ಮೂರು ಗ್ರಾಂ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಹುಳು, ಇಲಿ, ಮನುಷ್ಯ ಎಂಬ ಭೇದ ಅದಕ್ಕಿಲ್ಲ. ಅದನ್ನು ಸರ್ಕಾರದ ತಜ್ಞರ ಅಥವಾ ಸರ್ಕಾರ ಒಪ್ಪಿದ ತಜ್ಞರ ಕಟ್ಟುನಿಟ್ಟಾದ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕೆಂಬುದು ನಿಯಮ. ಹತ್ತು, ಇಪ್ಪತ್ತು ಮಾತ್ರೆಗಳ ಸಣ್ಣ ಟ್ಯೂಬುಗಳು ಮನೆಮನೆಗೆ ಸಿಗುತ್ತಿದ್ದವು, ಎಷ್ಟೋ ಹೆಣ್ಣುಮಕ್ಕಳ ಪ್ರಾಣ ತೆಗೆದಿದ್ದವು. 2001ರಲ್ಲಿ ಅವುಗಳನ್ನೇ ನಿಷೇಧಿಸಿದರು.

"ನಮ್ಮಲ್ಲಿ ಹೇಗೆ ಗೊತ್ತಾ ಅಕ್ಕಾ?" ಎಂದು ತಂಗಿಯ ಗಂಡ ಹೇಳುತ್ತಾರೆ. "ಮೂಟೆಗಳ ಮೇಲೆ ದಪ್ಪ ಹಾಳೆ ಹೊದಿಸ್ತೀವಿ. ಅಂಚಿನ ಸುತ್ತ ಉದ್ದುದ್ದ ಮರಳು ಚೀಲ. ಹಾವು ಮಲಗಿದ ಹಾಗೆ ಕಾಣುತ್ತೆ. ಲೆಕ್ಕದ ಮಾತ್ರೆ ಎಣಿಸಿ ಕೊಡೋರು ಆಫೀಸರು. ಒಳಗೆ ಹೋದವರ ತಲೆ ಎಣಿಸಿ, ಹೊರಗೆ ಬಂದವರ ತಲೆ ಎಣಿಸಿ, ಆಮೇಲೆ ಬೀಗ. ಬಾಗಿಲಿಗೆ ತಲೆಬುರುಡೆ ಬೋರ್ಡು. ವಾರ ಕಳೆದು ಬಾಗಿಲು ತೆಗೆಯೋವಾಗಲೂ ಮೊದಲು ಅವರೇ. ಗಾಳಿ ಆಡಿ, ಅವರು ಸರಿ ಅಂದ ಮೇಲೆ ನಾವು." ಅವರ ಸರ್ವೀಸಿನಲ್ಲಿ ಒಬ್ಬ ಹಮಾಲಿಗೂ ಏನೂ ಆಗಲಿಲ್ಲವಂತೆ. ಆ ಆಫೀಸರು ಬಲು ಸಿಡುಕರು, ಬೈಗುಳ ಕೇಳಲಾಗುತ್ತಿರಲಿಲ್ಲ ಎಂದೂ ಹೇಳಿದರು. ಬೈದರೆ ಬೈಯಲಿ. ಬೈಯುವುದಕ್ಕಾದರೂ ಎದುರಿಗಿರಬೇಕಲ್ಲ!

ಶಿಡ್ಲಘಟ್ಟದ ಕಡೆಯ ಮಾತೇ ಬೇರೆ. ಬೇರೆ ಊರಿನಲ್ಲಿ ಹುಳುವನ್ನು ಕೊಲ್ಲುವುದು ಚಿಂತೆ, ಇಲ್ಲಿ ಹುಳುವನ್ನು ಉಳಿಸುವುದು ಚಿಂತೆ. ರಾಮನಗರ ಬಿಟ್ಟರೆ ರೇಷ್ಮೆಗೂಡಿನ ಮಾರುಕಟ್ಟೆಗೆ ದೊಡ್ಡ ಹೆಸರು ಶಿಡ್ಲಘಟ್ಟದ್ದು. ಊರ ಅಂಚಿನಲ್ಲಿರುವ ನನ್ನ ಅಣ್ಣನ ಮನೆಗೆ ಒತ್ತಿಕೊಂಡೇ ಒಂದು ರೈತರ ಮನೆಯ ಹುಳುಮನೆ ಇದೆ. ಆ ಮನೆಯ ಯಜಮಾನಿ ನೂರು ಮೊಟ್ಟೆ ಮೇಯಿಸುತ್ತಾಳೆ. ನೂರು ಮೊಟ್ಟೆ ಎಂದರೆ ನಲವತ್ತು ಐವತ್ತು ಸಾವಿರ ಹುಳು. ನಾಲ್ಕು ಜ್ವರ ದಾಟಿ ಹಣ್ಣಾಗಿ ಚಂದ್ರಿಕೆ ಹತ್ತುವವರೆಗೆ ಮೂರೂವರೆ ನಾಲ್ಕು ವಾರ ಆಕೆಗೆ ನಿದ್ದೆಯಿಲ್ಲ. ನಾಲ್ಕನೇ ಜ್ವರ ಎದ್ದ ಮೇಲಂತೂ ಹುಳು ತಿನ್ನುವ ಸದ್ದು ಹಂಚಿನ ಮೇಲೆ ಸೋನೆ ಬಿದ್ದ ಹಾಗೆ ಕೇಳುತ್ತದೆ. ಹುಳುಮನೆಗೆ ಕಾಲು ತೊಳೆದೇ ಹೋಗಬೇಕು. ಊದುಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದಿದವರು ಬಾಗಿಲಲ್ಲೇ ನಿಲ್ಲಬೇಕು, ಸೊಳ್ಳೆ ಬತ್ತಿಯ ಹೆಸರೆತ್ತಬಾರದು.

ಏಕೆಂದರೆ ಜಿರಲೆಯನ್ನು ಕೊಲ್ಲುವ ಮದ್ದಿಗೆ ರೇಷ್ಮೆಹುಳು ಇನ್ನೂ ಬೇಗ ಸಾಯುತ್ತದೆ. ಗಾಳಿಯಲ್ಲಿ ಎರಡು ಹನಿ ತೇಲಿ ಬಂದು ಸೊಪ್ಪಿನ ಮೇಲೆ ಕೂತರೂ ಸಾಕು. ಹುಳು ತಲೆ ಒದರುತ್ತದೆ, ಹಸಿರು ನೀರು ಕಕ್ಕುತ್ತದೆ, ಮೈ ಮುದುಡಿ ಬೀಳುತ್ತದೆ. ರೇಷ್ಮೆಗೂ ಶತ್ರುಗಳುಂಟು. 1980ರಲ್ಲಿ ಪಶ್ಚಿಮ ಬಂಗಾಳದಿಂದ ಗೂಡಿನ ಜೊತೆ ನಮ್ಮ ರಾಜ್ಯಕ್ಕೆ ಬಂದ ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಮರಿ ಒಳಗೇ ತಿಂದು ಬೆಳೆಯುತ್ತದೆ. ಅದನ್ನು ಕೊಲ್ಲಲು ಸಿಕ್ಕಿದ್ದನ್ನು ಹೊಡೆಯುವಂತಿದೆಯೇ? ಕಳ್ಳನನ್ನು ಹೊಡೆಯಲು ಹೋಗಿ ತೊಟ್ಟಿಲಿಗೆ ಹೊಡೆದಂತಾದೀತು. ಅದಕ್ಕೇ ನೈಲಾನ್ ಪರದೆ ಕಟ್ಟುತ್ತಾರೆ, ಊಜಿಯ ಮೇಲೇ ಬದುಕುವ ಸಣ್ಣ ಕಣಜಗಳನ್ನು ತಂದು ಬಿಡುತ್ತಾರೆ. ಆಯ್ದು, ಅಳೆದು, ಕಾದು ಮಾಡುವ ಕೆಲಸ.

ಅಣ್ಣನ ಮನೆಗೆ ಗೆದ್ದಲು ಬಂದಾಗ ನಾದಿನಿಯ ಕಥೆ ಆಗಲೇ ನಮ್ಮ ಮನೆಮಾತಾಗಿತ್ತು. ಅತ್ತಿಗೆ ಬೇರೆ ಒಬ್ಬರನ್ನು ಕರೆಸಿದರು. ಕರೆಸುವಾಗಲೇ "ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು" ಎಂದು ಖಂಡಿತ ಮಾಡಿದ್ದರು. ಬಂದರು. ನಡುವಯಸ್ಸಿನವರು, ಕನ್ನಡಕ, ಕೈಯಲ್ಲೊಂದು ನೋಟ್‌ಬುಕ್ಕು. ಮೊದಲು ಗೆದ್ದಲು ನೋಡಲಿಲ್ಲ, ಮನೆಯ ಸುತ್ತ ಒಂದು ಸುತ್ತು ಹಾಕಿದರು. ಬಾವಿ ಎಲ್ಲಿ, ಬೋರು ಎಲ್ಲಿ, ಸಂಪು ಎಲ್ಲಿ ಎಂದು ಕೇಳಿದರು. ಗೋಡೆಯಾಚೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಂಡಿತು. "ಪಕ್ಕದಲ್ಲಿ ಹುಳು ಇದೆಯೇನಮ್ಮಾ? ಎಷ್ಟನೇ ಜ್ವರ?" ಎಂದರು. ಯಜಮಾನಿ ಗೋಡೆಯ ಮೇಲಿಂದ ತಲೆಯೆತ್ತಿ, "ಮೂರು ಎದ್ದದೆ ಸ್ವಾಮೀ" ಎಂದಳು. ಅವರು ನೋಟ್‌ಬುಕ್ಕು ಮುಚ್ಚಿದರು. "ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋಗಲಿ, ಆಮೇಲೆ ಬರ್ತೀನಿ. ನಿಮ್ಮ ಗೆದ್ದಲು ಇಷ್ಟು ದಿನ ತಿಂದಿದೆ, ಇನ್ನು ಮೂರು ವಾರ ತಿಂದರೆ ಮನೆ ಬೀಳಲ್ಲ. ಆಕೆಯ ಬೆಳೆ ಬಿದ್ದರೆ ಏಳಲ್ಲ" ಎಂದರು.

ಮೂರು ವಾರದ ಮೇಲೆ ಹೇಳಿದ ದಿನಕ್ಕೇ ಬಂದರು. ಜೊತೆಗಿದ್ದ ಇಬ್ಬರು ಹುಡುಗರ ಕೈಗೆ ರಬ್ಬರ್ ಗ್ಲೌಸು, ಕಾಲಿಗೆ ಬೂಟು. ಔಷಧಿ ಕಂಪೆನಿಯ ಸೀಲು ಒಡೆಯದ ಡಬ್ಬದಲ್ಲಿತ್ತು. ಒಂದು ಲೀಟರಿಗೆ ಹತ್ತೊಂಬತ್ತು ಲೀಟರ್ ನೀರು ಎಂದು ಅಳೆದು, ಕೋಲಿನಲ್ಲಿ ಕಲಸಿಸಿದರು. ಅರ್ಧ ಗಂಟೆಗೊಮ್ಮೆ ಹುಡುಗರನ್ನು ಹೊರಗೆ ಕರೆದು ಗಾಳಿಗೆ ನಿಲ್ಲಿಸಿದರು. ಊಟಕ್ಕೆ ಮೊದಲು ಮೊಣಕೈವರೆಗೆ ಸೋಪು ಹಾಕಿಸಿದರು. ಕೆಲಸ ಮುಗಿದ ಮೇಲೆ ತೂತುಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ಔಷಧಿಯ ಹೆಸರು, ಅಳತೆ, ತಾರೀಖು ಬರೆದು ಸಹಿ ಹಾಕಿ ಅತ್ತಿಗೆಯ ಕೈಗೆ ಕೊಟ್ಟರು. ನನಗೆ ಡಿ.ಡಿ.ಟಿ. ಇನ್ಸ್‌ಪೆಕ್ಟರು ಗೋಡೆ ಮುಟ್ಟಿ ನೋಡುತ್ತಿದ್ದುದು ಜ್ಞಾಪಕಕ್ಕೆ ಬಂತು. ಮೇಲ್ವಿಚಾರಣೆ ಎಂದರೆ ಕುರ್ಚಿ ಹಾಕಿಕೊಂಡು ಕೂರುವುದಲ್ಲ. ಪಕ್ಕದ ಮನೆಯಲ್ಲಿ ಏನಿದೆ ಎಂದು ನೋಡುವ ಕಣ್ಣು ಅದು. ಆ ಕಣ್ಣು ಹತ್ತೊಂಬತ್ತರ ಹುಡುಗನಿಗೆ ಎಲ್ಲಿಂದ ಬರಬೇಕು? ಅವನಿಗೆ ಆ ದಿನ ಮುಗಿಸಬೇಕಾದ ಮನೆಗಳ ಲೆಕ್ಕ ಮಾತ್ರ ಗೊತ್ತು.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗಳು ಒಂದು ಫೋಟೋ ಕಳಿಸಿದ್ದಳು. ಎದುರಿನ ಮನೆಗೆ ಮನೆಯನ್ನೇ ಪಟ್ಟೆಪಟ್ಟೆಯ ಬಟ್ಟೆಯಲ್ಲಿ ಸುತ್ತಿದ್ದರು. "ಮದುವೆ ಶಾಮಿಯಾನವೇನೇ?" ಎಂದೆ. "ಇಲ್ಲ ಚಿಕ್ಕಮ್ಮಾ, ಗೆದ್ದಲಿಗೆ ಹೊಗೆ ಹಾಕ್ತಿದ್ದಾರೆ" ಎಂದಳು. ಅಲ್ಲಿ ಅನಿಲ ಬಿಡುವಾಗಲೂ, ಕಡೆಗೆ ಗಾಳಿಯನ್ನು ಪರೀಕ್ಷಿಸಿ "ಇನ್ನು ಒಳಗೆ ಹೋಗಬಹುದು" ಎಂದು ಬರೆದು ಕೊಡುವಾಗಲೂ ಲೈಸೆನ್ಸ್ ಇರುವವರು ಆ ಜಾಗದಲ್ಲಿ ಖುದ್ದಾಗಿ ಇರಲೇಬೇಕೆಂಬುದು ಆ ರಾಜ್ಯದ ಕಾನೂನು. ಆ ಅನಿಲಕ್ಕೆ ವಾಸನೆಯೇ ಇಲ್ಲವಾದ್ದರಿಂದ, ಯಾರಾದರೂ ಒಳಗೆ ಉಳಿದಿದ್ದರೆ ಕಣ್ಣುರಿದು ಓಡಿ ಬರಲೆಂದು ಮೊದಲು ಅಶ್ರುವಾಯುವಿನಂಥದೊಂದನ್ನು ಬಿಡುತ್ತಾರಂತೆ. ದೊಡ್ಡ ದೇಶ, ದುಡ್ಡಿನ ದೇಶ ಎಂದು ನಾವು ಅದನ್ನು ಪಕ್ಕಕ್ಕಿಡಬಹುದು. ಆದರೆ ಒಬ್ಬ ಮನುಷ್ಯ ಎದುರಿಗೆ ನಿಲ್ಲುವುದಕ್ಕೆ ಡಾಲರೇ ಬೇಕೆಂದೇನಿಲ್ಲ. ಗೌರಿಬಿದನೂರಿನ ಸಿಡುಕು ಆಫೀಸರು ನಿಲ್ಲುತ್ತಿದ್ದರು.

ನಮ್ಮಲ್ಲಿ ನಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2022ರ ಆಗಸ್ಟಿನಲ್ಲಿ ಬೆಂಗಳೂರಿನ ವಸಂತನಗರದಲ್ಲಿ, ಊರಿಗೆ ಹೋಗಿದ್ದ ಒಂದು ಸಂಸಾರ ವಾಪಸು ಬಂದು, ಕೀಟನಾಶಕ ಹೊಡೆದಿದ್ದ ಮನೆಯೊಳಗೆ ಹೋಯಿತು. ಎಂಟು ವರ್ಷದ ಮಗಳು ಉಳಿಯಲಿಲ್ಲ. ಯಾವಾಗ ಹೊಡೆದರು, ಏನು ಹೊಡೆದರು, ಯಾವಾಗ ಒಳಗೆ ಹೋಗಬಹುದು ಎಂದು ಹೇಳುವವರೊಬ್ಬರು ಬಾಗಿಲಲ್ಲಿ ಇದ್ದಿದ್ದರೆ ಎಂದು ಆ ಸುದ್ದಿ ಓದಿದ ಯಾವ ತಾಯಿಗೆ ಅನ್ನಿಸಿರಲಿಕ್ಕಿಲ್ಲ?

ಸಾಹೇಬರು ಏಕೆ ಬರುವುದಿಲ್ಲ? ಬಂದರೆ ದಿನಕ್ಕೆ ಒಂದೇ ಮನೆಯಾಗುತ್ತದೆ, ಬಾರದಿದ್ದರೆ ನಾಲ್ಕಾಗುತ್ತವೆ. ಗಿರಾಕಿಗಳೂ ಜಾಣರೇ. ಎರಡು ಕಂಪೆನಿಗಳ ರೇಟು ಕೇಳಿ, ಸಾವಿರ ರೂಪಾಯಿ ಕಡಿಮೆ ಎಂದವರನ್ನೇ ಕರೆಯುತ್ತಾರೆ. ಆ ಸಾವಿರ ಎಲ್ಲಿ ಕಡಿಮೆಯಾಯಿತು ಎಂದು ಯಾರೂ ಕೇಳುವುದಿಲ್ಲ. ಹುಡುಗನ ಗ್ಲೌಸಿನಲ್ಲಿ, ಸೀಲಿನ ಡಬ್ಬದಲ್ಲಿ, ಸಾಹೇಬರ ಹಾಜರಿಯಲ್ಲಿ ಕಡಿಮೆಯಾಗಿರುತ್ತದೆ. ಸೀರೆ ಅಂಗಡಿಯಲ್ಲಿ ಚೌಕಾಸಿ ಮಾಡಿದರೆ ಜರಿ ತೆಳುವಾದೀತು. ಇಲ್ಲಿ ಚೌಕಾಸಿ ಮಾಡಿದ್ದು ಯಾರದೋ ಉಸಿರಿನಲ್ಲಿ ಕಳೆಯುತ್ತದೆ.

ಹಗಲು ಹೊತ್ತು ಮನೆಯಲ್ಲಿರುವವರು, ಮದ್ದು ಹೊಡೆಯುವವರಿಗೆ ಬಾಗಿಲು ತೆರೆಯುವವರು ಹೆಚ್ಚಾಗಿ ನಾವು ಹೆಂಗಸರು. ಆದ್ದರಿಂದ ಕೇಳಬೇಕಾದವರೂ ನಾವೇ. ಲೈಸೆನ್ಸಿನ ನಕಲು ತೋರಿಸಿ ಎನ್ನುವುದರಲ್ಲಿ ಸಂಕೋಚವೇನು? ಗ್ಯಾಸಿನವನಿಗೆ ಪುಸ್ತಕ ತೋರಿಸುವುದಿಲ್ಲವೇ ನಾವು? ಲೈಸೆನ್ಸಿನಲ್ಲಿ ಹೆಸರಿರುವವರು, ಇಲ್ಲವೇ ಅವರಷ್ಟೇ ಕಲಿತವರು, ಕೆಲಸ ಮುಗಿಯುವವರೆಗೆ ಇರುತ್ತಾರೆಯೇ ಎಂದು ದಿನ ಗೊತ್ತುಮಾಡುವ ಮೊದಲೇ ಕೇಳಬೇಕು. ಔಷಧಿ ಅದರದೇ ಡಬ್ಬದಲ್ಲಿ, ಅದರದೇ ಚೀಟಿಯೊಡನೆ ಬರಬೇಕು. ಆ ಚೀಟಿಯ ಮೇಲೆ ವಜ್ರದಾಕಾರದ ಗುರುತೊಂದಿರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿದರೆ ಅಕ್ಷರ ಬಾರದವರಿಗೂ ತಿಳಿಯುತ್ತದೆ. ಕೆಂಪು ಎಲ್ಲಕ್ಕಿಂತ ಘೋರ, ಹಳದಿ ಅದಕ್ಕಿಂತ ಕೊಂಚ ಕಡಿಮೆ, ಆಮೇಲೆ ನೀಲಿ, ಕಡೆಗೆ ಹಸಿರು. ಅದೇ ಚೀಟಿಯಲ್ಲಿ ವಿಷವೇರಿದರೆ ಡಾಕ್ಟರು ಏನು ಕೊಡಬೇಕೆಂದೂ ಬರೆದಿರುತ್ತದೆ. ಅದರದೊಂದು ಫೋಟೋ ತೆಗೆದುಕೊಂಡರೆ ಅರೆ ನಿಮಿಷದ ಕೆಲಸ. ಚಿಂತಾಮಣಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಮತ್ತೆ ಯಾವಾಗ ಒಳಗೆ ಬರಬಹುದು, ನೆಲ ಒರೆಸುವುದು ಯಾವಾಗ ಎಂಬುದನ್ನು ಬಾಯಿಮಾತಿನಲ್ಲಲ್ಲ, ಬರೆಸಿಕೊಳ್ಳಬೇಕು.

ಕೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ. "ಇಷ್ಟೆಲ್ಲ ಕೇಳೋರು ನೀವೊಬ್ಬರೇ ಮೇಡಂ" ಎನ್ನುತ್ತಾರೆ. ಕಳೆದ ವರ್ಷ ನಮ್ಮ ಬೀದಿಯಲ್ಲಿ ಜಿರಲೆ ಔಷಧಿ ಹಾಕಿಸಿದ ಐದು ಮನೆಯವರೂ ಇದೇ ಪ್ರಶ್ನೆ ಕೇಳಿದೆವು. ಐದೂ ಮನೆಗಳನ್ನು ಒಂದೇ ದಿನಕ್ಕೆ ಹಾಕಿಕೊಂಡು, ಸಾಹೇಬರು ಬೆಳಗಿನಿಂದ ಸಂಜೆಯವರೆಗೆ ಬೀದಿಯಲ್ಲೇ ಇರುವಂತೆ ಮಾಡಿದೆವು. ಅವರಿಗೂ ನಷ್ಟವಾಗಲಿಲ್ಲ, ನಮಗೂ ಭಯವಾಗಲಿಲ್ಲ. ಮಧ್ಯಾಹ್ನ ಐದು ಮನೆಗಳಿಂದಲೂ ಕಾಫಿ ಹೋಯಿತು. ಹುಡುಗರಿಗೆ ಸೋಪು, ಬಿಸಿನೀರು ಕೊಟ್ಟು, ಕೈ ತೊಳೆದದ್ದನ್ನು ನೋಡಿಯೇ ಲೋಟ ಕೈಗಿತ್ತೆವು. ಹಾಲು ಒಲೆಯ ಮೇಲಿಟ್ಟು ಪಕ್ಕದಲ್ಲೇ ನಿಂತು ಕಾಯುವುದನ್ನು ನಮಗೆ ಯಾವ ಕಾಯ್ದೆಯೂ ಕಲಿಸಿಲ್ಲ. ವಿಷದ ಬಕೆಟ್ಟಿನ ಪಕ್ಕದಲ್ಲಿ ನಿಲ್ಲಬೇಕಾದವರನ್ನು ನಿಲ್ಲಿಸಿಕೊಳ್ಳುವುದನ್ನೂ ನಾವೇ ಕಲಿತುಕೊಳ್ಳಬೇಕು.